ಮರದ ಹಡಗಿನ ಮಾದರಿಯಲ್ಲಿ ದೋಷ ಕಂಡಾಗ: ಎಲ್ಲಿ ಹುಡುಕಬೇಕು, ಯಾವಾಗ ನಿಲ್ಲಿಸಬೇಕು

ಕಿಟ್ ಇಲ್ಲದೆ, ಬರೀ ನಕ್ಷೆ ಇಟ್ಟುಕೊಂಡು ಮರದ ಹಡಗು ಕಟ್ಟುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ತಪ್ಪು ಕಾಣುವ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು. ಮೂತಿಯಲ್ಲಿ ಪಟ್ಟಿ ಎದ್ದು ನಿಂತಿದ್ದರೆ ಕಾರಣ ಹಡಗಿನ ನಡುವೆ ತೆಗೆದ ಅಳತೆಯಲ್ಲಿರುತ್ತದೆ. ಬಣ್ಣ ಹಚ್ಚಿದ ಮೇಲೆ ಕಂಡ ಕಲೆ, ಅಂಟು ಹಚ್ಚಿದ ದಿನವೇ ಬಿದ್ದಿರುತ್ತದೆ. ಹಾಗಾಗಿ ಕಂಡ ಜಾಗಕ್ಕೆ ಪುಟ್ಟಿ ಮೆತ್ತುವ ಮೊದಲು ಒಂದು ಹಂತ ಹಿಂದಕ್ಕೆ ಹೋಗಿ ನೋಡಬೇಕು.

ಕೆಳಗೆ ಒಂದೊಂದು ಭಾಗವೂ ಕಣ್ಣಿಗೆ ಬೀಳುವ ಲಕ್ಷಣದಿಂದ ಶುರುವಾಗುತ್ತದೆ. ಸುಲಭದ, ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚಿ ಕತ್ತರಿಸುವ ಕೆಲಸ ಕೊನೆಗೆ. ಮಾತಿನಲ್ಲಿ ಗೊಂದಲ ಬೇಡ ಅಂತ ಹೇಳುತ್ತೇನೆ: ಉದ್ದಕ್ಕೆ ಅಡಿಯಲ್ಲಿ ಹೋಗುವ ಬೆನ್ನುಮರ ಕೀಲ್. ಅದಕ್ಕೆ ಅಡ್ಡ ನಿಲ್ಲುವ ಪಕ್ಕೆಲುಬುಗಳು ಫ್ರೇಮ್. ಅವುಗಳ ಮೇಲೆ ಹೊದಿಸುವ ತೆಳು ಮರ ಪಟ್ಟಿ. ಇವೆಲ್ಲ ಸೇರಿದ ಹಡಗಿನ ಮೈ ಒಡಲು.

ಯಾವ ದೋಷವೇ ಇರಲಿ, ಮೊದಲು ಇವಿಷ್ಟು

ಪೀಠ ಮಟ್ಟವಾಗಿದೆಯಾ ನೋಡಿ. ರಸಮಟ್ಟ ಇಟ್ಟರೆ ಸಾಕು. ಹಡಗು ವಾಲಿದೆ, ಕಂಬ ಸೊಟ್ಟ ಅಂತ ತಲೆ ಕೆಡಿಸಿಕೊಂಡವರಲ್ಲಿ ಎಷ್ಟೋ ಜನರ ಮೇಜೇ ಸೊಟ್ಟಗಿರುತ್ತದೆ.

ಕೋಣೆಯ ದೊಡ್ಡ ದೀಪ ಆರಿಸಿ, ಒಂದು ಟಾರ್ಚನ್ನು ಒಡಲಿಗೆ ಓರೆಯಾಗಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಗುಂಡಿ, ಉಬ್ಬು ಎಲ್ಲ ನೆರಳಾಗಿ ಎದ್ದು ಬರುತ್ತವೆ. ಆಮೇಲೆ ಮಾದರಿಯನ್ನು ಕನ್ನಡಿಯಲ್ಲಿ ನೋಡಿ. ದಿನಾ ನೋಡಿ ನೋಡಿ ಕಣ್ಣು ಸೊಟ್ಟಕ್ಕೆ ಒಗ್ಗಿಹೋಗಿರುತ್ತದೆ. ಎಡ ಬಲ ಅದಲುಬದಲಾದಾಗ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ.

ಇನ್ನು ನಕ್ಷೆ. ಪ್ರಿಂಟ್ ತೆಗೆಯುವಾಗ ‘ಕಾಗದಕ್ಕೆ ಹೊಂದಿಸು’ ಅನ್ನುವ ಆಯ್ಕೆ ಉಳಿದುಬಿಟ್ಟಿದ್ದರೆ ಇಡೀ ಚಿತ್ರ ಸದ್ದಿಲ್ಲದೆ ಕುಗ್ಗುತ್ತದೆ. 1765ರಲ್ಲಿ ನೀರಿಗಿಳಿದ ಬ್ರಿಟನ್ನಿನ ಯುದ್ಧನೌಕೆ ಎಚ್‌ಎಂಎಸ್ ವಿಕ್ಟರಿಯ ಗನ್ ಡೆಕ್, ಅಂದರೆ ಫಿರಂಗಿ ನಿಲ್ಲಿಸುವ ಹಲಗೆ ನೆಲ, 186 ಅಡಿ ಉದ್ದ. 1:96 ಅಳತೆಯಲ್ಲಿ ಅದು ಸುಮಾರು 59 ಸೆಂ.ಮೀ. ಪ್ರಿಂಟ್ ಶೇ. 1ರಷ್ಟು ಕುಗ್ಗಿದರೂ ಹತ್ತಿರ ಹತ್ತಿರ 6 ಮಿ.ಮೀ. ಹೋಯಿತು. ಪಕ್ಕನೋಟದ ಹಾಳೆ ಸರಿಯಿದ್ದು, ಫ್ರೇಮುಗಳ ಹಾಳೆ ಮಾತ್ರ ಕುಗ್ಗಿದ್ದರೆ ಇನ್ನೂ ಕಷ್ಟ. ಎರಡೂ ಒಂದಕ್ಕೊಂದು ಕೂರುವುದೇ ಇಲ್ಲ. ಪ್ರತಿ ಹಾಳೆಯಲ್ಲೂ ಗೊತ್ತಿರುವ ಒಂದು ಅಳತೆಯನ್ನು ಉದ್ದಕ್ಕೂ ಅಡ್ಡಕ್ಕೂ ಸ್ಕೇಲ್ ಇಟ್ಟು ನೋಡಿ. ಕೆಲವು ಪ್ರಿಂಟರುಗಳು ಒಂದೇ ದಿಕ್ಕಿಗೆ ಎಳೆಯುತ್ತವೆ.

ಲಕ್ಷಣ: ಮುಂದಿನಿಂದ ನೋಡಿದರೆ ಒಡಲು ತಿರುಚಿದೆ, ಅಥವಾ ಮೇಲಿನಿಂದ ನೋಡಿದರೆ ಬಿಲ್ಲಿನಂತೆ ಬಾಗಿದೆ

ಇವು ಎರಡು ಬೇರೆ ದೋಷಗಳು. ಕಾರಣವೂ ಬೇರೆ. ಯಾವುದು ಅಂತ ಮೊದಲು ತೀರ್ಮಾನಿಸಿ.

ಮೂತಿಯ ನಡುಗೆರೆಯಿಂದ ಹಿಂಬದಿಯ ನಡುಗೆರೆಗೆ ಒಂದು ನೂಲನ್ನು ಬಿಗಿಯಾಗಿ ಎಳೆದು ಕಟ್ಟಿ. ಪ್ರತಿ ಫ್ರೇಮಿನ ನೆತ್ತಿಯಲ್ಲೂ ನಡುಗೆರೆ ಗುರುತು ಇರಬೇಕು. ಇಲ್ಲದಿದ್ದರೆ ಈಗಲೇ ಹಾಕಿ. ಗುರುತುಗಳು ನಡುವಿನಲ್ಲಿ ಒಂದೇ ಕಡೆಗೆ ಸರಿದು, ತುದಿಗಳಲ್ಲಿ ಮತ್ತೆ ನೂಲಿಗೆ ಸೇರಿದರೆ ಅದು ಬಾಗು. ಗುರುತುಗಳೆಲ್ಲ ನೂಲಿನ ಕೆಳಗೇ ಇದ್ದು, ಮುಂದಿನ ಫ್ರೇಮಿನ ಬಲ ಅಂಚು ಕೆಳಗೆ, ಹಿಂದಿನದರ ಎಡ ಅಂಚು ಕೆಳಗೆ ಅಂತಿದ್ದರೆ ಅದು ತಿರುಚು. ತಿರುಚನ್ನು ನೋಡಲು ಮೊದಲ ಫ್ರೇಮಿನ ಮೇಲೊಂದು, ಕೊನೆಯದರ ಮೇಲೊಂದು ನೇರ ಕಡ್ಡಿಯನ್ನು ಅಡ್ಡ ಇಟ್ಟು ಮುಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಎರಡು ಕಡ್ಡಿಯೂ ಒಂದೇ ಗೆರೆಯಾಗಿ ಕಾಣಬೇಕು. ಸ್ವಲ್ಪ ಓರೆಯಿದ್ದರೂ ಸಿಕ್ಕಿಬೀಳುತ್ತದೆ.

ಬಾಗಿಗೆ ಸಾಮಾನ್ಯ ಕಾರಣ ಮೂರು. ಕೀಲಿಗೆ ತಂದ ಪ್ಲೈವುಡ್ಡೇ ಬಾಗಿತ್ತು. ಫ್ರೇಮ್ ಕೂರಿಸಲು ಕೀಲಿನಲ್ಲಿ ಕೊರೆದ ಕಚ್ಚುಗಳು ಬಿಗಿಯಾಗಿ, ಒತ್ತಿ ಕೂರಿಸಿದಾಗ ಕೀಲನ್ನು ಒಂದು ಕಡೆಗೆ ತಳ್ಳಿದವು. ಮೂರನೆಯದು ಎಲ್ಲಕ್ಕಿಂತ ಜಾಸ್ತಿ ಕಾಣುವಂಥದ್ದು: ಒಂದು ಪಕ್ಕ ಪೂರ್ತಿ ಪಟ್ಟಿ ಹೊಡೆದು ಆಮೇಲೆ ಇನ್ನೊಂದು ಪಕ್ಕಕ್ಕೆ ಹೋದದ್ದು. ಒದ್ದೆ ಪಟ್ಟಿ ಒಣಗುತ್ತಾ ಎಳೆಯುತ್ತದೆ. ಎದುರು ಪಕ್ಕದಲ್ಲಿ ಅಷ್ಟೇ ಎಳೆತ ಇಲ್ಲದಿದ್ದರೆ ಒಡಲು ಬಗ್ಗದೆ ಇನ್ನೇನು ಮಾಡೀತು? ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ, ಹೀಗೇ ಸಾಗಬೇಕು. ತಿರುಚಿಗೆ ಕಾರಣ ಸಾಮಾನ್ಯವಾಗಿ ಫ್ರೇಮುಗಳು ಕೀಲಿಗೆ ಮೂಲೆಮಟ್ಟವಾಗಿ ನಿಂತಿಲ್ಲದಿರುವುದು, ಇಲ್ಲವೇ ಅಂಟು ಒಣಗುವಾಗ ಮಾದರಿಯನ್ನು ಸಮತಟ್ಟಿಲ್ಲದ ಜಾಗದಲ್ಲಿ ಬಿಟ್ಟಿರುವುದು.

ಪಟ್ಟಿ ಹೊಡೆಯುವ ಮೊದಲೇ ಕಂಡಿತಾ? ನೀವು ಗೆದ್ದಿರಿ. ಬಾಗಿನ ಒಳಮಗ್ಗುಲನ್ನು ಸ್ವಲ್ಪ ತೇವ ಮಾಡಿ, ದಪ್ಪ ಗಾಜಿನ ಮೇಲೆ ಮಲಗಿಸಿ, ತೂಕ ಹೇರಿ ಒಂದು ರಾತ್ರಿ ಬಿಡಿ. ನೇರವಾದ ಕೂಡಲೇ ಫ್ರೇಮುಗಳ ನಡುವೆ ಬಿಗಿಯಾಗಿ ಮರದ ತುಂಡುಗಳನ್ನು ಅಂಟಿಸಿ. ಈ ತುಂಡುಗಳೇ ಕೀಲನ್ನು ನೇರ ಹಿಡಿದಿಡುತ್ತವೆ. ಇವಿಲ್ಲದಿದ್ದರೆ ತೂಕ ತೆಗೆದ ಎರಡೇ ದಿನಕ್ಕೆ ಹಳೇ ಬಾಗು ಮತ್ತೆ ಬರಬಹುದು.

ನಾಲ್ಕಾರು ಪಟ್ಟಿ ಹೊಡೆದ ಮೇಲೆ ಕಂಡಿದ್ದರೆ ಪಟ್ಟಿ ಬಿಚ್ಚಲೇಬೇಕು. ಬಿಳಿ ಅಂಟಾದರೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬ್ರಷ್ಷಿನಲ್ಲಿ ಕೂಡುಗೆರೆಗೆ ಹಚ್ಚಿ ಕಾಯಿರಿ, ಮತ್ತೆ ಹಚ್ಚಿ, ಆಮೇಲೆ ತೆಳು ಬ್ಲೇಡ್ ತೂರಿಸಿ. ಸೂಪರ್ ಗ್ಲೂ ಆದರೆ ಅಸಿಟೋನ್ ಬೇಕು. ಎರಡೂ ಸುಲಭವಾಗಿ ಬೆಂಕಿ ಹತ್ತುವ ದ್ರವಗಳು. ಕಿಟಕಿ ತೆರೆದಿರಲಿ, ಹೇರ್ ಡ್ರೈಯರ್ ಕೂಡ ಹತ್ತಿರ ಬೇಡ.

ಒಡಲು ಪೂರ್ತಿ ಮುಚ್ಚಿದ ಮೇಲೆ ತಿರುಚು ಕಂಡರೆ ಅಲ್ಲಿಗೆ ನಿಲ್ಲಿಸಿ. ಬಲವಂತವಾಗಿ ತಿರುಗಿಸಿ ಕಟ್ಟಿದರೆ ಯಾವುದಾದರೂ ಕೂಡು ಒಳಗೇ ಬಿಟ್ಟುಕೊಳ್ಳುತ್ತದೆ, ಅದು ನಿಮಗೆ ಕಾಣುವುದೂ ಇಲ್ಲ. 60 ಸೆಂ.ಮೀ. ಉದ್ದದ ಒಡಲಿನಲ್ಲಿ ಒಂದು ಮಿ.ಮೀ. ಒಳಗಿನ ವ್ಯತ್ಯಾಸವನ್ನು ಡೆಕ್ ಕೂರಿಸುವಾಗ ಸರಿದೂಗಿಸಬಹುದು. ಮೂರು ನಾಲ್ಕು ಮಿ.ಮೀ. ಇದ್ದರೆ ಹೊಸ ಕೀಲ್ ಕತ್ತರಿಸುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಆ ಸೊಟ್ಟ ಮುಂದೆ ಪ್ರತಿ ಕಂಬ, ಪ್ರತಿ ಹಗ್ಗದಲ್ಲೂ ಕಾಡುತ್ತದೆ.

ಲಕ್ಷಣ: ಪಟ್ಟಿ ಒಂದು ಫ್ರೇಮಿಗೆ ತಾಗುತ್ತಿಲ್ಲ, ಇನ್ನೊಂದರ ಮೇಲೆ ಉಬ್ಬುತ್ತದೆ

ಒಂದು ತೆಳು, ನೇರ ಪಟ್ಟಿಯನ್ನು ಅಂಟಿಲ್ಲದೆ ಫ್ರೇಮುಗಳ ಮೇಲೆ ಮೂತಿಯಿಂದ ಹಿಂಬದಿಗೆ ಬಗ್ಗಿಸಿ ಹಿಡಿಯಿರಿ. ಅದು ಪ್ರತಿ ಫ್ರೇಮಿನ ಅಂಚಿಗೂ ಪೂರ್ತಿ ದಪ್ಪಕ್ಕೆ ತಾಗಬೇಕು. ಫ್ರೇಮಿನ ಒಂದು ಮೂಲೆಗೆ ಮಾತ್ರ ತಾಗಿದರೆ ಆ ಅಂಚನ್ನು ಇನ್ನೂ ಓರೆಯಾಗಿ ಉಜ್ಜಬೇಕು. ಮೂತಿಗೂ ಹಿಂಬದಿಗೂ ಹತ್ತಿರ ಹೋದಷ್ಟೂ ಈ ಓರೆ ಜಾಸ್ತಿ. ಒಂದು ಫ್ರೇಮ್ ಮಾತ್ರ ಪಟ್ಟಿಯನ್ನು ಎತ್ತುತ್ತಿದ್ದರೆ ಅದು ದೊಡ್ಡದಾಗಿದೆ. ಪಕ್ಕದ ಎರಡಕ್ಕೆ ತಾಗಿ ಇದಕ್ಕೆ ತಾಗದಿದ್ದರೆ ಇದು ಚಿಕ್ಕದು.

ದೊಡ್ಡದನ್ನು ಉಜ್ಜುವ ಮೊದಲು ಒಂದು ಸಂಶಯ ಬಗೆಹರಿಸಿಕೊಳ್ಳಿ. ನಿಜಕ್ಕೂ ಇದು ದೊಡ್ಡದಾ, ಇಲ್ಲ ಅಕ್ಕಪಕ್ಕದವು ಚಿಕ್ಕವಾ? ಪಟ್ಟಿಯನ್ನು ಮೂರು ಬೇರೆ ಬೇರೆ ಎತ್ತರದಲ್ಲಿ ಹಿಡಿದು ನೋಡಿ. ಮೂರರಲ್ಲೂ ಅದೇ ಫ್ರೇಮ್ ಎದ್ದರೆ ಉಜ್ಜಿ. ಒಂದೇ ಎತ್ತರದಲ್ಲಿ ಎದ್ದರೆ ಅಲ್ಲಿ ಮಾತ್ರ ಕತ್ತರಿಸಿದ್ದು ತಪ್ಪಿದೆ. ಚಿಕ್ಕದಾದದ್ದಕ್ಕೆ ತೆಳು ಮರದ ಚೂರು ಅಂಟಿಸಿ ಮತ್ತೆ ಉಜ್ಜಿ. ಸ್ಯಾಂಡ್‌ಪೇಪರನ್ನು ಬೆರಳಿನಿಂದ ಒತ್ತಿ ಉಜ್ಜಬೇಡಿ. ಮೂರು ಫ್ರೇಮಾದರೂ ಒಟ್ಟಿಗೆ ಸಿಗುವಷ್ಟು ಉದ್ದದ ಕಡ್ಡಿಗೆ ಅಂಟಿಸಿ ಉಜ್ಜಿ. ಆಗ ಕಡ್ಡಿಯೇ ಸರಿಯಾದ ಬಾಗನ್ನು ಹುಡುಕಿಕೊಳ್ಳುತ್ತದೆ.

ಈ ಹಂತದಲ್ಲಿ ಏಳುವ ಮರದ ಪುಡಿಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಮರದ ಪುಡಿ ಕ್ಯಾನ್ಸರ್ ತರುವ ವಸ್ತು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಎನ್95 ಮಾಸ್ಕ್ ಹಾಕಿ, ಪುಡಿಯನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಎಬೊನಿ, ರೋಸ್‌ವುಡ್ ಜಾತಿಯ ಮರಗಳ ಪುಡಿ ಕೆಲವರಿಗೆ ಚರ್ಮದ ಉರಿ, ಉಬ್ಬಸ ತರುತ್ತದೆ. ಒಮ್ಮೆ ಹಾಗಾದರೆ ಆ ಮರ ಬಿಟ್ಟುಬಿಡಿ. ಎದೆ ಬಿಗಿದಂತಾದರೆ ಕೆಲಸ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ.

ಲಕ್ಷಣ: ಮೂತಿಯಲ್ಲಿ ಪಟ್ಟಿಯ ಒಂದು ಅಂಚು ಎದ್ದು ಮೆಟ್ಟಿಲಾಗಿದೆ

ಹೊಸಬರನ್ನು ಅತಿ ಹೆಚ್ಚು ಸೋಲಿಸುವ ದೋಷ ಇದೇ. ಪಟ್ಟಿಯ ಕೆಳ ಅಂಚು ಫ್ರೇಮಿಗೆ ಕೂತಿರುತ್ತದೆ, ಮೇಲಂಚು ಮೇಲೆದ್ದಿರುತ್ತದೆ. ಕ್ಲ್ಯಾಂಪ್ ಹಾಕಿ ಒತ್ತಿದರೆ ಕೂರುತ್ತದೆ, ತೆಗೆದ ಕೂಡಲೇ ಮತ್ತೆ ಏಳುತ್ತದೆ. ಆಗ ಹೆಚ್ಚಿನವರು ಮಾಡುವುದೇನು? ಇನ್ನಷ್ಟು ಅಂಟು, ಇನ್ನಷ್ಟು ಕ್ಲ್ಯಾಂಪ್. ಅಂಟಿನದ್ದೇನೂ ತಪ್ಪಿರುವುದಿಲ್ಲ.

ಪಟ್ಟಿ ದಪ್ಪದ ಕಡೆಗೆ ಸುಲಭವಾಗಿ ಬಗ್ಗುತ್ತದೆ. ಅಗಲದ ಕಡೆಗೆ ಬಗ್ಗುವುದಿಲ್ಲ. ಹಿಂದಿನ ಪಟ್ಟಿಗೆ ಅಂಟಿಕೊಂಡೇ ಹೋಗಲಿ ಅಂತ ನೀವು ಅದನ್ನು ಅಗಲದ ಕಡೆಗೆ ಎಳೆದಾಗ, ಅದು ಒಂದು ಅಂಚನ್ನು ಎತ್ತಿ ತಪ್ಪಿಸಿಕೊಳ್ಳುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಪಟ್ಟಿಯಷ್ಟೇ ಅಗಲದ ದಪ್ಪ ಕಾಗದದ ಪಟ್ಟಿಯೊಂದನ್ನು ಕತ್ತರಿಸಿ. ಅದನ್ನು ಹಡಗಿನ ನಡುವಿನಲ್ಲಿ ಹಿಂದಿನ ಪಟ್ಟಿಯ ಅಂಚಿಗೆ ಸರಿಯಾಗಿ ಟೇಪ್ ಹಾಕಿ ನಿಲ್ಲಿಸಿ. ಈಗ ಮೂತಿಯ ಕಡೆಗೆ ಸುಮ್ನೆ ಸವರಿಕೊಂಡು ಹೋಗಿ, ಎಳೆಯಬೇಡಿ. ಕಾಗದ ತನ್ನ ದಾರಿಯಲ್ಲೇ ಹೋಗಿ ಹಿಂದಿನ ಪಟ್ಟಿಯ ಮೇಲೆ ಏರಿ ಕೂರುತ್ತದೆ. ಎಲ್ಲೆಲ್ಲಿ ಏರಿತೋ ಅಲ್ಲೆಲ್ಲ ಅದರ ಅಡಿಯ ಪಟ್ಟಿಯ ಅಂಚನ್ನು ಪೆನ್ಸಿಲಿನಿಂದ ಕಾಗದದ ಮೇಲೆ ಎಳೆದುಕೊಳ್ಳಿ. ಬಿಡಿಸಿ ಮೇಜಿನ ಮೇಲೆ ಚಪ್ಪಟೆ ಇಟ್ಟಾಗ ಒಂದು ಉದ್ದನೆಯ, ತುದಿಗೆ ಚೂಪಾಗುವ ಓರೆ ಕಾಣುತ್ತದೆ. ಅಷ್ಟು ಮರ ಅಲ್ಲಿ ಹೆಚ್ಚಿಗೆ ಇದೆ ಅಂತ ಅರ್ಥ. ಅದನ್ನು ಕತ್ತರಿಸಿ ತೆಗೆದರೆ ಪಟ್ಟಿ ತಾನಾಗಿ ಕೂರುತ್ತದೆ.

ಹಾಗಾದರೆ ಹೆಚ್ಚಿಗೆ ಆದದ್ದು ಯಾಕೆ? ನಡುವಿನ ಫ್ರೇಮಿಗೆ ಡೆಕ್ ಅಂಚಿನಿಂದ ಕೀಲ್‌ವರೆಗೆ ಕಾಗದ ಸುತ್ತಿ ಅಳೆಯಿರಿ. 120 ಮಿ.ಮೀ. ಬಂತು ಅಂದುಕೊಳ್ಳೋಣ. 5 ಮಿ.ಮೀ. ಪಟ್ಟಿಯಾದರೆ 24 ಸಾಲು. ಈಗ ಮೂತಿಯ ಹತ್ತಿರದ ಫ್ರೇಮಿಗೆ ಸುತ್ತಿ. ಅಲ್ಲಿ 80 ಮಿ.ಮೀ. ಮಾತ್ರ. ಅದೇ 24 ಸಾಲು ಅಲ್ಲೂ ಹಿಡಿಸಬೇಕು. ಅಂದರೆ ಒಂದೊಂದು ಪಟ್ಟಿಯೂ ಅಲ್ಲಿ 3.3 ಮಿ.ಮೀ.ಗೆ ಇಳಿಯಬೇಕು. ಮೊದಲ ಆರೇಳು ಪಟ್ಟಿಯನ್ನು ಪೂರ್ತಿ ಅಗಲದಲ್ಲೇ ಹೊಡೆದಿದ್ದರೆ ಕೊನೆಗೆ ಬರುವವಕ್ಕೆ ಜಾಗವೇ ಇರುವುದಿಲ್ಲ. ಎಂಟನೆಯ ಪಟ್ಟಿಯಲ್ಲಿ ಕಂಡ ಮೆಟ್ಟಿಲು ಮೊದಲನೆಯದರಲ್ಲೇ ಶುರುವಾಗಿತ್ತು.

ಒಂದು ಮಿತಿಯಿದೆ. ತುದಿಯ ಅಗಲ ಪಟ್ಟಿಯ ಅರ್ಧಕ್ಕಿಂತ ಕೆಳಗಿಳಿಯಬಾರದು. ಮೂತಿಯ ಅಳತೆ 80ರ ಬದಲು 55 ಬಂದಿದ್ದರೆ ಒಂದೊಂದಕ್ಕೆ 2.3 ಮಿ.ಮೀ. ಮಾತ್ರ ಸಿಗುತ್ತಿತ್ತು. ಅಷ್ಟು ಸಪೂರದ ತುದಿ ಅಂಟನ್ನೂ ಹಿಡಿಯುವುದಿಲ್ಲ, ನಿಜವಾದ ಹಡಗಿನಲ್ಲಿ ಮೊಳೆಯನ್ನೂ ಹಿಡಿಯುತ್ತಿರಲಿಲ್ಲ. ಅಂಥ ಕಡೆ ಎರಡು ಸಾಲು ಸೇರಿ ಒಂದಾಗುವ ಹಾಗೆ ಒಂದು ಪಟ್ಟಿಯನ್ನು ಮೂತಿಗೆ ಮುಂಚೆಯೇ ನಿಲ್ಲಿಸಬೇಕು. ಹಡಗುಕಟ್ಟೆಯವರೂ ಹೀಗೇ ಮಾಡುತ್ತಿದ್ದರು.

ಹಿಂಬದಿಯಲ್ಲಿ ಕೆಲವು ಕಡೆ ಇದರ ಉಲ್ಟಾ. ಅಲ್ಲಿ ಸುತ್ತಳತೆ ನಡುವಿಗಿಂತ ಜಾಸ್ತಿಯಾಗಿ, ಪಟ್ಟಿಗಳ ನಡುವೆ ಬೆಣೆಯಾಕಾರದ ಸಂದು ಬಿಡುತ್ತದೆ. ಪಟ್ಟಿಗಳನ್ನು ಎಳೆದು ಸಂದು ಮುಚ್ಚಬೇಡಿ. ಸಂದಿಗೆ ಸರಿಯಾಗಿ ಒಂದು ಬೆಣೆಪಟ್ಟಿ ಕತ್ತರಿಸಿ ಕೂರಿಸಿ.

ಈಗಾಗಲೇ ಹೊಡೆದುಬಿಟ್ಟಿದ್ದರೆ? ಮೇಲೆ ಇನ್ನೊಂದು ಪದರ ಬರುವುದಾದರೆ ಚಿಂತೆ ಬೇಡ. ಪುಟ್ಟಿ ತುಂಬಿ, ಉಜ್ಜಿ ನುಣುಪು ಮಾಡಿ ಮುಂದೆ ಹೋಗಿ. ಇದೇ ಕೊನೆಯ ಪದರವಾದರೆ ಮೆಟ್ಟಿಲಿನ ಎತ್ತರ ಅಳೆಯಿರಿ. 1.5 ಮಿ.ಮೀ. ದಪ್ಪದ ಪಟ್ಟಿಯಲ್ಲಿ 0.3, 0.4 ಮಿ.ಮೀ. ಮೆಟ್ಟಿಲನ್ನು ಉಜ್ಜಿ ಇಳಿಸಬಹುದು. ಉಳಿಯುವ ದಪ್ಪ 1 ಮಿ.ಮೀ.ಗಿಂತ ಕೆಳಗಿಳಿಯುವ ಹಾಗಿದ್ದರೆ ಉಜ್ಜಬೇಡಿ, ಬಿಚ್ಚಿ. ಇಲ್ಲದಿದ್ದರೆ ಒಂದು ದಿನ ಬೆರಳು ಒಳಗೆ ಹೋಗುತ್ತದೆ.

ಲಕ್ಷಣ: ಬಗ್ಗಿಸುವಾಗ ಪಟ್ಟಿ ಪಟ್ ಅಂತ ಮುರಿಯುತ್ತದೆ

ಮುರಿದ ತುಂಡನ್ನು ಎಸೆಯಬೇಡಿ. ಕಾರಣ ಅದರ ಮೇಲೇ ಬರೆದಿರುತ್ತದೆ. ಉದ್ದುದ್ದ ಸಿಬಿರು ಎದ್ದು ಮುರಿದಿದ್ದರೆ ಮರ ಚೆನ್ನಾಗಿದೆ, ನೀವು ಅವಸರ ಮಾಡಿದ್ದೀರಿ ಅಥವಾ ಬಿಸಿ ಸಾಲಲಿಲ್ಲ. ಓರೆಯಾಗಿ, ನುಣುಪಾಗಿ ಬಿಟ್ಟುಕೊಂಡಿದ್ದರೆ ಮರದ ಎಳೆ ಪಟ್ಟಿಯ ಉದ್ದಕ್ಕೆ ಓಡಿಲ್ಲ, ಅಂಚಿನಿಂದ ಹೊರಗೆ ಓಡಿದೆ. ಅಂಥ ಪಟ್ಟಿಯನ್ನು ಎಷ್ಟು ನೆನೆಸಿದರೂ ಅಷ್ಟೇ. ನೇರವಾಗಿರುವ ಜಾಗಕ್ಕೆ ಅದನ್ನು ಬಳಸಿ. ಚಿಕ್ಕದಾಗಿ, ಚೌಕವಾಗಿ ತುಂಡಾಗಿದ್ದರೆ ಮರವೇ ಪೆಡಸು. ಆ ಹಲಗೆಯಿಂದ ಕತ್ತರಿಸಿದ ಪಟ್ಟಿಗಳನ್ನೆಲ್ಲ ಬದಿಗಿಡಿ.

ಮರವನ್ನು ಮೆದು ಮಾಡುವುದು ಮುಖ್ಯವಾಗಿ ಬಿಸಿ. ನೀರು ಆ ಬಿಸಿಯನ್ನು ಒಳಕ್ಕೆ ಒಯ್ಯುತ್ತದೆ, ಮರ ಸುಡದ ಹಾಗೆ ಕಾಯುತ್ತದೆ. ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ನೀರು ಕುದಿಯುವ ಬಿಸಿಯ ಆಸುಪಾಸಿನಲ್ಲಿ ಸಡಿಲವಾಗುತ್ತದೆ. ತಣ್ಣೀರಿನಲ್ಲಿ ದಿನವಿಡೀ ನೆನೆಹಾಕುವುದರಿಂದ ದೊಡ್ಡ ಲಾಭವಿಲ್ಲ. 1 ಮಿ.ಮೀ. ಪಟ್ಟಿಗೆ ಹದಿನೈದು ಇಪ್ಪತ್ತು ನಿಮಿಷ ನೆನೆಸಿ, ಆಮೇಲೆ ಬಿಸಿ ಲೋಹದ ಮೇಲೆ ನಿಧಾನವಾಗಿ ಸವರುತ್ತಾ ಬಗ್ಗಿಸಿ. ಆವಿ ಹಿಡಿಯುವಾಗ ಕೈಗೆ ದಪ್ಪ ಗವಸು ಇರಲಿ. ಆವಿಯ ಸುಟ್ಟಗಾಯ ಬಿಸಿನೀರಿನದಕ್ಕಿಂತ ಆಳವಾಗಿರುತ್ತದೆ.

ಮುಖ್ಯವಾದದ್ದು ಇನ್ನೊಂದಿದೆ. ಬಗ್ಗಿಸಿದ ಪಟ್ಟಿಯನ್ನು ಒದ್ದೆ ಇರುವಾಗ ಅಂಟಿಸಬೇಡಿ. 5 ಮಿ.ಮೀ. ಅಗಲದ ಲಿಂಡನ್ ಪಟ್ಟಿ ಪೂರ್ತಿ ನೆನೆದರೆ 0.2ರಿಂದ 0.3 ಮಿ.ಮೀ. ಹಿಗ್ಗುತ್ತದೆ. ಒಡಲಿಗೆ ಕಟ್ಟಿ ಒಣಗಲು ಬಿಡಿ, ಮರುದಿನ ಬಿಚ್ಚಿ, ಆಮೇಲೆ ಅಂಟು ಹಚ್ಚಿ. ಅವಸರ ಮಾಡಿದರೆ ವಾರದಲ್ಲೇ ಪ್ರತಿ ಕೂಡಿನಲ್ಲೂ ಕಪ್ಪು ಗೆರೆ ತೆರೆದುಕೊಳ್ಳುತ್ತದೆ.

ಲಕ್ಷಣ: ಅಂಟು ಹಿಡಿಯುತ್ತಿಲ್ಲ, ಅಥವಾ ಅಂಟಿದ ಕಡೆ ಬಣ್ಣ ಹಿಡಿಯುತ್ತಿಲ್ಲ

ಬಿಟ್ಟುಕೊಂಡ ಕೂಡನ್ನು ತೆರೆದು ಎರಡೂ ಮುಖ ನೋಡಿ. ಒಂದೇ ಮುಖಕ್ಕೆ ಅಂಟು ಹೊಳೆಯುತ್ತಾ ಕೂತಿದ್ದರೆ ಇನ್ನೊಂದನ್ನು ಸೇರಿಸುವಷ್ಟರಲ್ಲಿ ಅದು ಒಣಗಿತ್ತು. ಎರಡೂ ಮುಖ ಬರಿದಾಗಿದ್ದರೆ ಅಂಟು ಕಡಿಮೆ ಅಥವಾ ಕ್ಲ್ಯಾಂಪ್ ಅತಿಯಾಗಿ ಬಿಗಿದು ಎಲ್ಲ ಹೊರಗೆ ಹಿಂಡಿಹೋಗಿದೆ. ಬಿಳಿ ಪುಡಿಯಾಗಿ ಉದುರಿದರೆ ಕೋಣೆ ತೀರಾ ತಣ್ಣಗಿತ್ತು. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅನೇಕ ಬಿಳಿ ಅಂಟುಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಎಣ್ಣೆಯಂಶ ಇರುವ ಮರವಾದರೆ ಅಂಟಿಸುವ ಸ್ವಲ್ಪ ಮುಂಚೆ ಅಸಿಟೋನಿನಿಂದ ಒರೆಸಿ. ಅರ್ಧ ಗಂಟೆ ಕ್ಲ್ಯಾಂಪಿನಲ್ಲಿದ್ದರೆ ಹಿಡಿದುಕೊಳ್ಳುತ್ತದೆ ನಿಜ, ಆದರೆ ಪೂರ್ತಿ ಬಲ ಬರಲು 24 ಗಂಟೆ ಬೇಕು. ಅಷ್ಟರೊಳಗೆ ಉಜ್ಜಬೇಡಿ.

ಬಣ್ಣ ಹಚ್ಚಿದ ಮೇಲೆ ತಿಳಿ ಮಚ್ಚೆಗಳು ಕಂಡರೆ ಅಲ್ಲೆಲ್ಲ ಅಂಟು ಮರದೊಳಗೆ ಇಳಿದಿದೆ. ಬಣ್ಣಕ್ಕೆ ಮುಂಚೆಯೇ ಕಂಡುಹಿಡಿಯುವುದು ಸುಲಭ. ಇಡೀ ಒಡಲನ್ನು ಟರ್ಪೆಂಟೈನಿನಲ್ಲಿ ತೇವ ಮಾಡಿದ ಬಟ್ಟೆಯಿಂದ ಒರೆಸಿ. ಬರೀ ಮರ ಕಪ್ಪಾಗುತ್ತದೆ, ಅಂಟು ಕುಡಿದ ಜಾಗ ತಿಳಿಯಾಗಿ ಉಳಿಯುತ್ತದೆ. ಗುರುತು ಹಾಕಿಕೊಂಡು ಕೆರೆಯಿರಿ. ಸೂಪರ್ ಗ್ಲೂ ಸುತ್ತ ಮಂಜಿನಂಥ ಬಿಳಿ ಪದರ ಬಂದಿದ್ದರೆ ಅದರ ಆವಿ ಮರದ ಮೇಲೆ ಕೂತಿದೆ ಅಂತ. ಕಡಿಮೆ ಅಂಟು, ಹೆಚ್ಚು ಗಾಳಿ, ಇವೆರಡೇ ಮದ್ದು.

ಸೂಪರ್ ಗ್ಲೂ ಚೆಲ್ಲಿದರೆ ಹತ್ತಿ ಬಟ್ಟೆಯಲ್ಲಿ ಒರೆಸಬೇಡಿ. ಹತ್ತಿಯ ಜೊತೆ ಅದು ಬೇಗ ಕಾದು ಕೈ ಸುಡುತ್ತದೆ, ಹೊಗೆಯೂ ಏಳಬಹುದು. ಕಣ್ಣಿಗೆ ಬಿದ್ದು ರೆಪ್ಪೆ ಅಂಟಿಕೊಂಡರೆ ಎಳೆಯಬೇಡಿ, ಅಸಿಟೋನನ್ನು ಕಣ್ಣಿನ ಹತ್ತಿರಕ್ಕೂ ತರಬೇಡಿ. ಉಗುರುಬೆಚ್ಚಗಿನ ನೀರಿನಿಂದ ತೊಳೆಯುತ್ತಾ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಹಾಗೇ, ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದರೆ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಿ.

ಲಕ್ಷಣ: ಮುಗಿಸಿ ಎಷ್ಟೋ ತಿಂಗಳಾದ ಮೇಲೆ ಒಡಲಿನಲ್ಲಿ ಬಿರುಕು

ಉದ್ದಕ್ಕೆ, ಕೂಡುಗೆರೆಯಲ್ಲೇ ಬಿರುಕು ಬಿಟ್ಟಿದ್ದರೆ ಮರ ಒಣಗಿ ಕುಗ್ಗಿದೆ. ಮರ ಅಡ್ಡಕ್ಕೆ ಹಿಗ್ಗಿ ಕುಗ್ಗಿದಷ್ಟು ಉದ್ದಕ್ಕೆ ಆಗುವುದಿಲ್ಲ. ಹಸಿಮರ ಪೂರ್ತಿ ಒಣಗಿದರೂ ಉದ್ದದಲ್ಲಿ ಶೇ. 0.1ರಿಂದ 0.2 ಮಾತ್ರ ಕಡಿಮೆಯಾಗುತ್ತದೆ. ಹಾಗಾಗಿ ಬಿರುಕು ಪಟ್ಟಿಗೆ ಅಡ್ಡವಾಗಿ ಬಂದಿದ್ದರೆ ಅದು ಪೆಟ್ಟು ತಿಂದದ್ದು ಅಥವಾ ಒಳಗಿನ ಫ್ರೇಮ್ ಬಿಟ್ಟುಕೊಂಡದ್ದು. ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಫ್ರೇಮ್ ಕಳಚಿದೆ.

ಒಣಗಿ ಬಂದ ಬಿರುಕನ್ನು ಕೂಡಲೇ ತುಂಬಬೇಡಿ. ಹಸಿ ಹವೆಯ ಕಾಲದಲ್ಲಿ ಅದು ಮುಚ್ಚಿಕೊಂಡರೆ ತುಂಬಿದ ಪುಟ್ಟಿ ಪಕ್ಕದ ಪಟ್ಟಿಗಳನ್ನು ತಳ್ಳುತ್ತದೆ. ಮಾದರಿಯನ್ನು ಬಿಸಿಲು, ಹೀಟರ್, ಎಸಿಯ ಗಾಳಿಯಿಂದ ದೂರ ಸರಿಸಿ. ಹವೆ ಒಂದು ಸುತ್ತು ಬದಲಾದ ಮೇಲೂ ಸಂದು ಹಾಗೇ ಉಳಿದರೆ ಅದೇ ಮರದ ತೆಳು ಎಳೆಯೊಂದನ್ನು ಸೀಳಿ ಕೂರಿಸಿ.

ಲಕ್ಷಣ: ಹಾಯಿಕಂಬ ವಾಲಿದೆ, ಹಗ್ಗ ಒಂದು ದಿನ ಬಿಗಿ ಒಂದು ದಿನ ಸಡಿಲ

ವಾಲಿದೆ ಅನ್ನುವ ಮೊದಲು ನಕ್ಷೆ ನೋಡಿ. ಅನೇಕ ಹಡಗುಗಳಲ್ಲಿ ಕಂಬಗಳು ಬೇಕೆಂದೇ ಹಿಂದಕ್ಕೆ ವಾಲಿರುತ್ತವೆ, ಒಂದೊಂದರ ಓರೆ ಒಂದೊಂದು ಥರ. ಪಕ್ಕಕ್ಕೆ ವಾಲಿದ್ದರೆ ಮಾತ್ರ ಅದು ಖಂಡಿತ ದೋಷ. ಮೊದಲು ಪೀಠದ ಮಟ್ಟ, ಆಮೇಲೆ ತೂಕ ಕಟ್ಟಿದ ನೂಲನ್ನು ಕಂಬದ ಮುಂದೆ ಇಳಿಬಿಟ್ಟು ನೋಡಿ. ಬುಡದಿಂದಲೇ ಓರೆಯಾ? ಹಾಗಾದರೆ ಡೆಕ್ಕಿನ ತೂತು ಸರಿಯಿಲ್ಲ. ಬುಡ ನೇರವಿದ್ದು ಮೇಲೆ ಮಾತ್ರ ಬಾಗಿದ್ದರೆ ಹಗ್ಗ ಎಳೆದಿದೆ. ಒಂದು ಪಕ್ಕದ ಹಗ್ಗಗಳನ್ನೆಲ್ಲ ಕಟ್ಟಿ ಮುಗಿಸಿ ಇನ್ನೊಂದಕ್ಕೆ ಹೋದರೆ ಹೀಗಾಗುತ್ತದೆ. ಬಲಕ್ಕೊಂದು ಜೊತೆ, ಎಡಕ್ಕೊಂದು ಜೊತೆ ಕಟ್ಟಬೇಕು. ಕಂಬವನ್ನು ಮುಂದಕ್ಕೆ ಹಿಡಿಯುವ ಹಗ್ಗ ಬಿಗಿಯಾಗುವವರೆಗೆ ಯಾವ ಗಂಟಿಗೂ ಅಂಟು ಹಾಕಬೇಡಿ.

ಕಂಬವನ್ನು ಎರಡೂ ಬದಿಯಿಂದ ಹಿಡಿಯುವ ಪಕ್ಕದ ಹಗ್ಗಗಳು ನಡುವಿನಲ್ಲಿ ಒಳಕ್ಕೆ ಸೆಳೆದುಕೊಂಡಿದ್ದರೆ, ಅವುಗಳಿಗೆ ಏಣಿಮೆಟ್ಟಿಲಿನಂತೆ ಹಾಕುವ ಅಡ್ಡಹಗ್ಗಗಳನ್ನು ಬಿಗಿಯಾಗಿ ಕಟ್ಟಿದ್ದೀರಿ. ಪ್ರತಿಯೊಂದೂ ಕೂದಲೆಳೆಯಷ್ಟು ಎಳೆದರೂ ಇಪ್ಪತ್ತು ಸೇರಿದಾಗ ಕಣ್ಣಿಗೆ ರಾಚುತ್ತದೆ. ಮಧ್ಯದ ಅಡ್ಡಹಗ್ಗ ಒಂದನ್ನು ಕತ್ತರಿಸಿ ನೋಡಿ. ಪಕ್ಕದ ಹಗ್ಗ ಹೊರಕ್ಕೆ ಸರಿದರೆ ರೋಗ ಅದೇ. ಉಳಿದವನ್ನೂ ಬಿಚ್ಚಿ, ಈ ಸಲ ಹಿಂದೆ ನೇರ ಗೆರೆ ಎಳೆದ ಕಾಗದ ಇಟ್ಟುಕೊಂಡು ಕಟ್ಟಿ.

ದಿನಕ್ಕೊಂದು ಥರ ಆಗುವ ಹಗ್ಗ ಬಹುಶಃ ಹತ್ತಿ ಅಥವಾ ನಾರಿನದು. ತೇವ ಹೀರಿದಾಗ ಎಳೆಗಳು ಉಬ್ಬಿ, ಹೊಸೆದ ಹಗ್ಗ ಉದ್ದದಲ್ಲಿ ಕುಗ್ಗುತ್ತದೆ. ಒಣ ಹವೆಯಲ್ಲಿ ಜೋಲುತ್ತದೆ. ಜೋತದ್ದನ್ನು ಒಣ ದಿನದಲ್ಲಿ ಪೂರ್ತಿ ಬಿಗಿದುಬಿಟ್ಟರೆ ಹಸಿ ದಿನದಲ್ಲಿ ಮೇಲ್ಗಂಬವೇ ಬಾಗೀತು. ಸ್ವಲ್ಪ ಸಡಿಲವೇ ಕ್ಷೇಮ. ಹೊಸದಾಗಿ ಶುರುಮಾಡುವುದಾದರೆ ಪಾಲಿಯೆಸ್ಟರ್ ನೂಲು ತೆಗೆದುಕೊಳ್ಳಿ. ಗಂಟಿಗೆ ಸೂಪರ್ ಗ್ಲೂ ಬದಲು ನೀರು ಬೆರೆಸಿದ ಬಿಳಿ ಅಂಟು ಒಂದು ಹನಿ ಸಾಕು. ಸೂಪರ್ ಗ್ಲೂ ನೂಲನ್ನು ಕಪ್ಪಾಗಿಸಿ ಪೆಡಸು ಮಾಡುತ್ತದೆ, ಮುಂದೆ ಬಿಚ್ಚಲೂ ಬರುವುದಿಲ್ಲ.

ಲಕ್ಷಣ: ಫಿರಂಗಿ, ಲಂಗರು ಮುಂತಾದ ಲೋಹದ ತುಣುಕಿನ ಮೇಲೆ ಬಿಳಿ ಪುಡಿ

ಬೂಷ್ಟು ಅಂತ ಬೆರಳಿನಿಂದ ಒರೆಸಬೇಡಿ. ತುಣುಕು ಸೀಸದ್ದಾಗಿದ್ದರೆ ಅದು ಸೀಸದ ಕಾರ್ಬೊನೇಟ್, ವಿಷ. ಊದಬೇಡಿ, ಉಜ್ಜಬೇಡಿ, ಮನೆಯ ವ್ಯಾಕ್ಯೂಮ್ ಕ್ಲೀನರ್ ಹಿಡಿಯಬೇಡಿ. ಮಕ್ಕಳನ್ನೂ ಗರ್ಭಿಣಿಯರನ್ನೂ ಕೋಣೆಯಿಂದ ದೂರ ಇಡಿ.

ಕಾಗದದ ಮೇಲೆ ತುಣುಕನ್ನು ಎಳೆದಾಗ ಬೂದು ಗೆರೆ ಮೂಡಿದರೆ ಸೀಸ ಇರುವ ಸಂಭವ ಹೆಚ್ಚು. ಈ ಪರೀಕ್ಷೆಯನ್ನು ಪುಡಿ ಬಾರದ, ಅದೇ ಜಾತಿಯ ಉಳಿದ ತುಣುಕಿನ ಮೇಲೆ ಮಾಡಿ. ಕಾರಣ ಮಾತ್ರ ಲೋಹದ ಹೊರಗಿದೆ. ಓಕ್ ಮರ, ಕೆಲವು ಪ್ಲೈವುಡ್, ಬಿಳಿ ಅಂಟು ಇವುಗಳಿಂದ ಅಸಿಟಿಕ್ ಆಮ್ಲದ ಆವಿ ನಿಧಾನವಾಗಿ ಹೊರಡುತ್ತದೆ. ಗಾಳಿಯಾಡದ ಗಾಜಿನ ಪೆಟ್ಟಿಗೆಯಲ್ಲಿ ಅದು ತುಂಬಿಕೊಂಡು ಸೀಸವನ್ನು ತಿನ್ನುತ್ತದೆ. ಚೆಂದಕ್ಕೆ ಅಂತ ಮಾಡಿಸಿದ ಓಕ್ ಪೆಟ್ಟಿಗೆಯೇ ಎಷ್ಟೋ ಮಾದರಿಗಳ ಫಿರಂಗಿಗಳನ್ನು ಹಾಳುಮಾಡಿದೆ.

ಕೈಗವಸು, ಮಾಸ್ಕ್ ಹಾಕಿ ಪೆಟ್ಟಿಗೆ ತೆರೆಯಿರಿ. ಪುಡಿ ಕಡಿಮೆಯಿದ್ದರೆ ತುಣುಕನ್ನು ತೆಗೆದು ಮುಚ್ಚಳದ ಡಬ್ಬಿಗೆ ಹಾಕಿ, ಸುತ್ತಲಿನ ಜಾಗವನ್ನು ಒದ್ದೆ ಕಾಗದದಿಂದ ಒರೆಸಿ, ಆ ಕಾಗದವನ್ನೂ ಅದೇ ಡಬ್ಬಿಗೆ ಹಾಕಿ ಅಪಾಯಕಾರಿ ಕಸದ ಜೊತೆ ಕೊಡಿ. ಜಾಗಕ್ಕೆ ಹಿತ್ತಾಳೆಯದೋ ಮರದ್ದೋ ಸೀಸವಿಲ್ಲದ ತವರದ್ದೋ ತುಣುಕು ಕೂರಿಸಿ. ಪೆಟ್ಟಿಗೆಯ ತಳದಲ್ಲಿ ಗಾಳಿಗೆ ತೂತು ಬಿಡಿ. ಪುಡಿ ಡೆಕ್ಕಿನ ಮೇಲೆಲ್ಲ ಉದುರಿದ್ದರೆ, ಅಥವಾ ಈಗಾಗಲೇ ಕೈಯಲ್ಲಿ ಉಜ್ಜಿ ಉಸಿರಾಡಿಬಿಟ್ಟಿದ್ದರೆ, ಪೆಟ್ಟಿಗೆ ಮುಚ್ಚಿ ಕೈ ತೊಳೆದು ವೈದ್ಯರಲ್ಲಿ ರಕ್ತದ ಸೀಸದ ಪರೀಕ್ಷೆ ಕೇಳಿ.

ಮಾದರಿ ನೀವು ಕಟ್ಟಿದ್ದಲ್ಲ, ಹಿರಿಯರ ಕಾಲದ್ದು ಅಥವಾ ಕೊಂಡ ಹಳೆಯದು ಅಂತಾದರೆ ಮೇಲಿನ ಯಾವುದನ್ನೂ ಮಾಡಬೇಡಿ. ಎಲ್ಲ ಕೋನಗಳಿಂದ ಫೋಟೊ ತೆಗೆದು, ಉದುರಿದ ಚೂರುಗಳನ್ನು ಯಾವ ಜಾಗದ್ದು ಅಂತ ಬರೆದ ಲಕೋಟೆಗಳಲ್ಲಿ ಹಾಕಿಟ್ಟು, ವಸ್ತುಸಂಗ್ರಹಾಲಯದ ಸಂರಕ್ಷಣಾ ತಜ್ಞರನ್ನು ಕೇಳಿ. ಹಳೆಯ ನೂಲು, ಹಳೆಯ ಅಂಟು ಕೂಡ ಆ ಮಾದರಿಯ ಭಾಗವೇ. ಒಮ್ಮೆ ಹೊಸ ಅಂಟು ಬಿದ್ದರೆ ಹಳೆಯದನ್ನು ಬೇರೆ ಮಾಡಲು ಅವರಿಗೂ ಆಗುವುದಿಲ್ಲ.